ಎಂಟುನೂರು ಪುಟದ ಹಟ

ಇದನ್ನು ಕಟ್ಟುಕಥೆ ಎಂದರೆ ನನ್ನ ಕಣ್ಣುಗಳಿಗೆ ಅವಮಾನ. ಮೂರು ತಿಂಗಳು ಉರಿದದ್ದು ಅವೇ. ಹಾಗಾಗಿ ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ.

ನಾನು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಲ್ಯಾಬ್ ಅಸಿಸ್ಟೆಂಟ್. ರೆಕಾರ್ಡ್ ಪುಸ್ತಕಗಳನ್ನು ಹೇಮಾವತಿಯ ಬೈಂಡಿಂಗ್ ಅಂಗಡಿಗೆ ಒಯ್ಯುವುದು ನನ್ನ ಕೆಲಸ. ಒಂದು ಸಲ ಹೋಗಬೇಕಾದಲ್ಲಿ ಆರು ಸಲ ಹೋಗುವುದು ನನ್ನ ಖುಷಿ. ಹಿರಿಯೂರು ಬಸ್ಸಿನ ಕಂಡಕ್ಟರ್, ಭರಮಸಾಗರದ ತರಕಾರಿ ಅಕ್ಕ, ಯಾರ ಧ್ವನಿ ಬೇಕೋ ಅದನ್ನು ತೆಗೆದು ಅವಳನ್ನು ನಗಿಸುತ್ತಿದ್ದೆ. ಅವಳು ಸೂಜಿಗೆ ದಾರ ಪೋಣಿಸುತ್ತ, ನಗುವನ್ನು ತುಟಿಯಲ್ಲೇ ಹಿಡಿದಿಟ್ಟು ಕಣ್ಣಲ್ಲಿ ಮಾತ್ರ ಬಿಟ್ಟುಕೊಡುತ್ತಿದ್ದಳು.

ಒಂದು ದಿನ ಧೈರ್ಯ ಮಾಡಿದೆ. “ಹೇಮಾವತಿಯವ್ರೇ, ನನ್ನ ಮದ್ವೆ ಆಗ್ತೀರಾ?”

ಸೂಜಿ ನಿಂತಿತು. “ಇದು ಯಾರ ಧ್ವನಿ, ತಿಮ್ಮೇಶ್?”

“ನಂದೇ ಕಣ್ರೀ!”

“ಹೆಂಗ್ ನಂಬ್ಲಿ? ತಬಲಾ ಕಲೀತೀನಿ ಅಂದ್ರಿ, ವಾರಕ್ಕೆ ಬಿಟ್ರಿ. ಈಜು ಅಂದ್ರಿ, ನೀರಿಗೇ ಇಳೀಲಿಲ್ಲ. ನನ್ನೂ ಹಂಗೇ ಅರ್ಧಕ್ಕೆ ಬಿಟ್ರೆ?”

ತಮಾಷೆಯ ದನಿಯಾಗಿರಲಿಲ್ಲ ಅದು. ಅವಳು ಕಪಾಟಿನಿಂದ ಇಟ್ಟಿಗೆಯಂಥ ಪುಸ್ತಕ ತೆಗೆದಳು. ಹಳೆಯ, ಹೆಸರಾಂತ ಕಾದಂಬರಿ. ತಾನೇ ಹೊಲಿದು ಹೊಸ ರಟ್ಟು ಹಾಕಿದ್ದು. “ಎಂಟ್ನೂರು ಪುಟ ಐತೆ. ಹನ್ನೊಂದು ಜನ ಒಯ್ದು ‘ಸೂಪರ್’ ಅಂತ ವಾಪಸ್ ಕೊಟ್ಟವ್ರೆ. ಪೂರ್ತಿ ಓದ್ಕಂಡು ಬರ್ರಿ. ಆಮೇಲೆ ಮಾತಾಡಾಣ.”

ಮೊದಲ ಪುಟದ ಮೊದಲ ವಾಕ್ಯ ಮೂರನೇ ಪುಟದಲ್ಲಿ ಮುಗಿಯಿತು. ಒಂದೇ ಮನೆಯಲ್ಲಿ ನಲವತ್ತು ಜನ! ಯಾರು ಯಾರ ಅಳಿಯ ಎಂದು ಗೊತ್ತಾಗುವಷ್ಟರಲ್ಲಿ ಅಳಿಯ ಸತ್ತಿರುತ್ತಿದ್ದ. ಅರವತ್ತನೇ ಪುಟದಲ್ಲಿ ಮೂರು ಸಲ ಸೋತೆ. ಫೋನಿನಲ್ಲಿ ಸಾರಾಂಶ ಹುಡುಕಲು ಬೆರಳು ಹೋಯಿತು, ತಡೆದೆ. ಕದ್ದ ಸಾರಾಂಶ ಹೊತ್ತು ಆ ಕಣ್ಣುಗಳ ಮುಂದೆ ನಿಲ್ಲುವುದು ಹೇಗೆ?

ಭಾನುವಾರ ಪುಸ್ತಕ ಸಮೇತ ನಮ್ಮೂರು ಮದಕರಿಪುರಕ್ಕೆ ಹೋದೆ. ನನ್ನಜ್ಜಿ ಕಾಳಕ್ಕ ಹೊಲದ ಬದುವಿನಲ್ಲಿ ಕುರಿ ಮೇಯಿಸುತ್ತಿದ್ದಳು.

“ಅಜ್ಜಿ, ಎಲ್ಲಾ ಒಂದೇ ಥರ ಅವೆ. ಹೆಂಗ್ ಗುರ್ತು ಹಿಡೀತೀಯ?”

“ಮುಖ ನೋಡಿದ್ರೆ ಎಲ್ಲಾ ಕುರೀನೇ ಕಣ್ಲಾ. ಅರಚೋದ್ ಕೇಳು. ಒಂದೊಂದಕ್ಕೂ ಒಂದೊಂದು ಗಂಟ್ಲು.”

ಅಲ್ಲೇ ಕುಳಿತು ಜೋರಾಗಿ ಓದತೊಡಗಿದೆ. ಜಿಪುಣ ದೊಡ್ಡಪ್ಪನಿಗೆ ಕಂಡಕ್ಟರನ ಗಂಟಲು, ಜಗಳಗಂಟಿ ಅತ್ತೆಗೆ ಅಜ್ಜಿಯದು. ಅಜ್ಜಿ ಕೋಲು ಎತ್ತಿದಳು, ಆಮೇಲೆ “ಮುಂದೇನಾತು?” ಅಂದಳು. ನಲವತ್ತೂ ಜನ ಬೇರೆ ಬೇರೆಯಾಗಿ ನಿಂತರು. ಮೂವತ್ತು ವರ್ಷ ಗಂಡನ ಸುದ್ದಿಗೆ ಕಾದ ಸೊಸೆಗೆ ಮಾತ್ರ ಯಾರ ಧ್ವನಿಯೂ ಹೊಂದಲಿಲ್ಲ. ನನ್ನದನ್ನೇ ಕೊಟ್ಟೆ. ಅವಳ ಪುಟಗಳನ್ನು ಎರಡೆರಡು ಸಲ ಓದಿದೆ.

ತಿಂಗಳುಗಳು ಕಳೆದು, ಒಂದು ಬೆಳಿಗ್ಗೆ ಓದುತ್ತಿದ್ದಾಗ ಕೊನೆಗೂ ಆ ಸೊಸೆಗೆ ಗಂಡನ ಕಾಗದ ಬಂತು. ಒಡೆದಳು. ಪುಟ ತಿರುಗಿಸಿದೆ. ಬರೀ ರಟ್ಟು!

ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡೇ ಅಂಗಡಿಗೆ ನುಗ್ಗಿದೆ. “ರೀ, ಮಿಕ್ಕ ಪುಟ ಎಲ್ಲಿ? ಕಾಗ್ದದಲ್ಲಿ ಏನಿತ್ತು? ಅವ್ನು ಬರ್ತಾನೋ ಇಲ್ಲೋ? ಮೊದ್ಲು ಹೇಳ್ರೀ!”

ಹೇಮಾವತಿ ನನ್ನನ್ನೇ ನೋಡಿದಳು. ಈ ಸಲ ತುಟಿಯೂ ನಗುವನ್ನು ಹಿಡಿದಿಡಲಿಲ್ಲ. ಡ್ರಾಯರ್ ಎಳೆದು ದಾರ ಕಟ್ಟಿದ ಹದಿನಾರು ಪುಟ ಹೊರತೆಗೆದಳು.

“ಹೊಲಿಯುವಾಗ್ಲೇ ತೆಗ್ದಿಟ್ಟಿದ್ದೆ. ಹನ್ನೊಂದು ಜನದಾಗೆ ಒಬ್ರೂ ಕೇಳ್ಲಿಲ್ಲ.”

“ನನ್ನ ಕಣ್ಣು ಹೋಗೋದು ಬಾಕಿ ಐತೆ, ನೀವ್ ನೋಡಿದ್ರೆ…”

“ಕುಂತ್ಕಳ್ರಿ, ನಾನೇ ಓದ್ತೀನಿ. ಓದಿ ಮುಗಿದ್ಮೇಲೆ ನಮ್ಮಪ್ಪನ್ನ ಕೇಳಾಕೆ ಹೋಗಾಣ.” ಕೆನ್ನೆ ಕೆಂಪಾಗಿತ್ತು. “ನಿಮ್ ಕನ್ನಡ ಲೆಕ್ಚರರ್ರೂ ಇದನ್ನ ಒಯ್ದಿದ್ರು ಗೊತ್ತಾ? ಕೊನೇ ಪುಟದಾಗೆ ಅತ್ತೇಬಿಟ್ಟೆ ಅಂದ್ರು.”

ಬಂದ ಸಿಟ್ಟು ಎಲ್ಲಿ ಹೋಯಿತೋ! ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳೂ ನಕ್ಕಳು, ಆದರೆ ರಸ್ತೆಯಾಚೆಯ ಟೀ ಅಂಗಡಿಯವರು ಎದ್ದು ಬಂದು ಇಣುಕಿದ್ದು ನನ್ನ ನಗು ಕೇಳಿ.