ಹಾಲುಹಲ್ಲಿನ ಎಂಜಿನ್

ಪೆಟ್ಟಿಗೆಯ ಬಾಗಿಲು ಮುಚ್ಚಿಕೊಂಡಿತು. ಒಳಗೆ ವಾರಿಜಾಕ್ಷಿಯ ಒಂಬತ್ತು ವರ್ಷದ ಕೆಲಸವಿತ್ತು. ಹೊರಗಿನ ಫಲಕ ‘ಉಳಿದ ಸಮಯ ತೊಂಬತ್ತು ನಿಮಿಷ’ ಎಂದು ತೋರಿಸಿ ಎಣಿಕೆ ಶುರುಮಾಡಿತು.

ಯಂತ್ರದ ಅಧಿಕೃತ ಹೆಸರು ಪ್ರಾಗ್ರೂಪಕ. ಜನರ ಬಾಯಲ್ಲಿ ಅದು ಮರುಹುಟ್ಟಿನ ಪೆಟ್ಟಿಗೆ. ಅದರ ತತ್ತ್ವ ಕಷ್ಟದ್ದಲ್ಲ. ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತಿದಾಗ, ಎರಕದ ಕಬ್ಬಿಣ ಆರಿ ಗಟ್ಟಿಯಾದಾಗ, ಅದರ ಹರಳುಗಳ ನಡುವೆ ಒಂದು ಬಗೆಯ ಬಿಗಿತ ಉಳಿದುಬಿಡುತ್ತದೆ. ಮುಂದೆ ಆ ತಗಡು ನೆಗ್ಗಲಿ, ತುಕ್ಕು ಹಿಡಿಯಲಿ, ಬಿಗಿತದ ಗುರುತು ಪೂರ್ತಿ ಅಳಿಯುವುದಿಲ್ಲ. ಇದನ್ನು ಲೋಹಸ್ಮೃತಿ ಎನ್ನುತ್ತಾರೆ. ಪೆಟ್ಟಿಗೆ ನ್ಯೂಟ್ರಾನ್ ಕಿರಣಗಳಿಂದ ಈ ಸ್ಮೃತಿಯನ್ನು ಓದುತ್ತದೆ, ನೆಗ್ಗಿದ್ದನ್ನು ಹಳೆಯ ಆಕಾರಕ್ಕೆ ತರುತ್ತದೆ, ತುಕ್ಕಿನಿಂದ ಆಮ್ಲಜನಕವನ್ನು ಕಿತ್ತು ಮತ್ತೆ ಕಬ್ಬಿಣ ಮಾಡುತ್ತದೆ, ಸವೆದುಹೋದ ಪರಮಾಣುಗಳ ಜಾಗಕ್ಕೆ ತನ್ನ ಉಗ್ರಾಣದಿಂದ ಹೊಸವನ್ನು ಕೂರಿಸುತ್ತದೆ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ, ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ಕಾರು ಸಿದ್ಧ.

ಪೆಟ್ರೋಲ್ ಗಾಡಿಗಳನ್ನು ರಸ್ತೆಯಿಂದ ತೆಗೆದು ಆಗ ಹನ್ನೆರಡು ವರ್ಷವಾಗಿತ್ತು. ಪರಂಪರೆಯ ವಾಹನಗಳಿಗೆ ಮಾತ್ರ ಭಾನುವಾರಗಳಂದು ಓಡಲು ವಿನಾಯಿತಿ. ಯಾವುದು ಪರಂಪರೆಯದು ಎಂದು ಹೇಳುವುದು ಮನುಷ್ಯರ ಕೆಲಸವಲ್ಲವೆಂದು ತೀರ್ಮಾನಿಸಿ, ಸರ್ಕಾರ ಅದನ್ನು ಮೂಲತ್ವಮಾಪಕ ಎಂಬ ಉಪಕರಣಕ್ಕೆ ವಹಿಸಿತ್ತು. ಬರುವ ಯುಗಾದಿಯಿಂದ, ನೂರಕ್ಕೆ ತೊಂಬತ್ತೆಂಟು ಅಂಕ ಪಡೆಯದ ಕಾರು ರಸ್ತೆಗಿಳಿಯುವಂತಿಲ್ಲ. ಟ್ಯಾಂಕು ಬರಿದು ಮಾಡಿಸಿಕೊಂಡು ಸಂಗ್ರಹಾಲಯದಲ್ಲಿ ಹಗ್ಗದ ಹಿಂದೆ ನಿಲ್ಲಬೇಕು. ವಾರಿಜಾಕ್ಷಿಯ ಫಿಯೆಟ್ಟಿಗೆ ಬಂದಿದ್ದ ಅಂಕ ಅರವತ್ತೊಂದು.

ಆಕೆ ತುಮಕೂರಿನಲ್ಲಿ ಮೂವತ್ತಾರು ವರ್ಷ ಹಲ್ಲಿನ ವೈದ್ಯೆಯಾಗಿದ್ದು ನಿವೃತ್ತಳಾದವಳು. ಅಕ್ಕಿ ಗಿರಣಿಯ ಹಿತ್ತಲಲ್ಲಿ ಕೋಳಿಗಳ ವಾಸಕ್ಕೆ ಬಿಟ್ಟಿದ್ದ ಕಾರನ್ನು ತಂದು, ಮೊದಲ ವರ್ಷವಿಡೀ ತುಕ್ಕು ಮತ್ತು ಹಿಕ್ಕೆ ಕೆರೆದಿದ್ದಳು. ಕೆಲಸ ಹೇಳಿಕೊಟ್ಟವರು ಪಕ್ಕದ ಬೀದಿಯ ಅನ್ವರ್ ಸಾಬ್ರು. ಅವರಿಗೆ ಎಂಬತ್ತು ವರ್ಷ. ಬದುಕಿರುವ ಮೆಕ್ಯಾನಿಕ್‌ಗಳಲ್ಲಿ ಕಾರ್ಬ್ಯುರೇಟರನ್ನು ಕಿವಿಯಿಂದಲೇ ಹದಮಾಡಬಲ್ಲವರು ಬಹುಶಃ ಅವರೊಬ್ಬರೇ.

ಪೆಟ್ಟಿಗೆಯನ್ನು ಕಂಡುಹಿಡಿದ ಡಾ. ಶ್ರೇಯಾಂಸ ಅಂದು ಅದನ್ನಿಟ್ಟಿದ್ದ ಕೇಂದ್ರದಲ್ಲೇ ಇದ್ದ. ನಲವತ್ತೆರಡರ ಆ ವಿಜ್ಞಾನಿಗೆ ಗಿರಾಕಿಗಳೊಡನೆ ಮಾತಾಡುವ ಅಗತ್ಯವಿರಲಿಲ್ಲ. ಆದರೆ ಅರವತ್ತೊಂದು ಅಂಕ ಎಂಬುದು ಅವನಿಗೆ ಒಂದು ವಿನೋದವಾಗಿ ಕಂಡಿತ್ತು.

“ಒಂಬತ್ತು ವರ್ಷ ಇದರಲ್ಲಿ ಏನು ಮಾಡಿದಿರಿ ಮೇಡಂ?”

“ಮೊದಲು ತುಕ್ಕು ಕೆರೆದೆ.”

“ಯಾವುದರಿಂದ?”

“ಹಲ್ಲಿನ ಕಿಟ್ಟ ತೆಗೆಯೋ ಸಲಾಕೆ ಇರುತ್ತಲ್ಲ, ಅದರಿಂದ. ಸಂದಿಗೊಂದಿಗೆ ಚೆನ್ನಾಗಿ ಹೋಗುತ್ತೆ.”

ಶ್ರೇಯಾಂಸ ನಕ್ಕ. “ಕೊಳದ ನೀರನ್ನು ಚಮಚದಲ್ಲಿ ಖಾಲಿ ಮಾಡಿದ ಹಾಗಾಯಿತು.”

“ಚಮಚದಲ್ಲಿ ಮಾಡಿದವರಿಗೆ ಕೊಳದ ತಳ ಎಲ್ಲೆಲ್ಲಿ ಹೇಗಿದೆ ಅಂತ ಗೊತ್ತಿರುತ್ತೆ ಸಾರ್,” ಎಂದರು ಜೊತೆಗೆ ಬಂದಿದ್ದ ಅನ್ವರ್, ಬೆಂಚಿನಿಂದ ಏಳದೆ. “ನಿಮ್ಮ ಡಬ್ಬ ಹಿಂದಕ್ಕೆ ಹೋಗ್ತಾ ಹೋಗ್ತಾ ಯಾವ ಗಳಿಗೇಲಿ ನಿಂತ್ಕೊಳ್ಳುತ್ತೆ?”

“ಕೊನೆಯ ಬೋಲ್ಟ್ ಬಿಗಿದ ಮೇಲೆ, ಎಂಜಿನ್ ಮೊದಲ ಸಲ ತಿರುಗುವುದಕ್ಕೆ ಮುಂಚೆ. ಅದೇ ಪರಿಪೂರ್ಣ ಸ್ಥಿತಿ.”

“ಹಾಗಾದ್ರೆ ರನ್ನಿಂಗ್ ಇನ್ ಮಾಡ್ಬೇಕು.”

“ಅಂದರೆ?”

ಅನ್ವರ್ ವಾರಿಜಾಕ್ಷಿಯ ಮುಖ ನೋಡಿದರು. ಆಕೆ ವಿವರಿಸಿದಳು. ಹೊಸ ಎಂಜಿನ್‌ನಲ್ಲಿ ಸಿಲಿಂಡರಿನ ಗೋಡೆ ಕಣ್ಣಿಗೆ ನುಣುಪಾಗಿ ಕಂಡರೂ ಅದರ ಮೇಲೆ ಸಣ್ಣ ಸಣ್ಣ ಏಣುಗಳಿರುತ್ತವೆ. ಪಿಸ್ಟನ್ನಿನ ಉಂಗುರಗಳು ಆ ಏಣುಗಳನ್ನು ಮೆಲ್ಲಗೆ ಉಜ್ಜಿ, ಗೋಡೆಗೆ ಹೊಂದಿಕೊಂಡು ಕೂರಬೇಕು. ಅದಕ್ಕೆ ಸಾವಿರದ ಆರುನೂರು ಕಿಲೋಮೀಟರ್ ಬೇಕು, ಐವತ್ತರ ವೇಗ ಮೀರದೆ, ಮಧ್ಯೆ ಎರಡು ಸಲ ಆಯಿಲ್ ಬದಲಿಸಿಕೊಂಡು.

“ಗ್ಯಾರೇಜಿನ ಮೂಢನಂಬಿಕೆ,” ಎಂದ ಶ್ರೇಯಾಂಸ. “ಪರಿಪೂರ್ಣವಾದದ್ದನ್ನು ಇನ್ನಷ್ಟು ಸರಿಮಾಡುವುದು ಹೇಗೆ?”

ತೊಂಬತ್ತು ನಿಮಿಷದ ಬಳಿಕ ಫಿಯೆಟ್ ಹೊರಬಂತು. ತಿಳಿಹಸಿರು ಬಣ್ಣ, ಕನ್ನಡಿಯಂಥ ಬಂಪರು, ಸೊನ್ನೆ ತೋರಿಸುವ ಮೀಟರು. ಅಂಕ ನೂರು. ಯಂತ್ರದ ಪಕ್ಕದ ಕಿಂಡಿಯಿಂದ ಒಂದು ಅಲ್ಯೂಮಿನಿಯಂ ತಟ್ಟೆ ಹೊರಬಂತು. ಅದರ ಮೇಲೆ ‘ಅನ್ಯವಸ್ತು’ ಎಂಬ ಚೀಟಿ. ಒಡೆದ ಹಿತ್ತಾಳೆ ಕೊಳಗದಿಂದ ಅನ್ವರ್ ಕಡೆದುಕೊಟ್ಟ, ಅಚ್ಚಿಗೆ ತೊಡಿಸುವ ಬುಷ್‌ಗಳು, ಹಲ್ಲಿನ ಸಿಮೆಂಟು ಅಂಟಿದ್ದ ಮೀಟರಿನ ಗಾಜು, ಆಕೆ ಕೈಯಾರೆ ಕತ್ತರಿಸಿದ, ಸಂದಿ ಮುಚ್ಚುವ ಗ್ಯಾಸ್ಕೆಟ್‌ಗಳು, ಒಟ್ಟು ನೂರಾ ನಲವತ್ತು ಚೂರುಗಳು.

“ಇದನ್ನು ಗುಜರಿಗೆ ಹಾಕಿಬಿಡಲಾ?” ಎಂದ ಶ್ರೇಯಾಂಸ.

“ಬೇಡ,” ಎಂದು ವಾರಿಜಾಕ್ಷಿ ತಟ್ಟೆಯನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟಳು. ಕಾರು ಒಂದು ಸದ್ದೂ ಮಾಡದೆ ಓಡಿತು. ಯಾವ ಸದ್ದು ಎಲ್ಲಿಂದ ಬರುತ್ತದೆಂದು ಆಕೆಗೆ ಗೊತ್ತಿದ್ದ ಕಾರು ಅದಾಗಿರಲಿಲ್ಲ.

ಪೆಟ್ಟಿಗೆ ಬಂದ ಮೇಲೆ ಪರಂಪರಾ ವಾಹನ ಸಂಘದ ಸದಸ್ಯತ್ವ ಮೂರು ಪಟ್ಟಾಗಿತ್ತು. ಹಳೆಯ ಕಾರಿನ ಹವ್ಯಾಸಕ್ಕೆ ಇದ್ದ ಒಂದೇ ಒಂದು ಅಡ್ಡಿ, ಅಂದರೆ ಹಳೆಯ ಕಾರು, ನಿವಾರಣೆಯಾಗಿತ್ತು. ಹೊಸ ಸದಸ್ಯರು ಸ್ಪ್ಯಾನರನ್ನು ಸಂಘದ ಲಾಂಛನದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವರಲ್ಲ. ಅಧ್ಯಕ್ಷ ಚಂದ್ರಹಾಸ ರೈ ಅವರ ಬಳಿ ಏಳು ಕಾರುಗಳಿದ್ದವು. ಏಳಕ್ಕೂ ರೇಷ್ಮೆಯ ಹೊದಿಕೆ. ಅವುಗಳನ್ನು ಅವರು ಓಡಿಸುತ್ತಿರಲಿಲ್ಲ. ಓಡಿಸಿದರೆ ಧೂಳು ಕೂರುತ್ತದೆ.

ವಾರಿಜಾಕ್ಷಿ ಓಡಿಸಿದಳು. ಜನವರಿಯಿಂದ ಹತ್ತು ಭಾನುವಾರ, ಪಕ್ಕದಲ್ಲಿ ಅನ್ವರ್, ಹಿಂದಿನ ಗಾಜಿನ ಮೇಲೆ ‘ರನ್ನಿಂಗ್ ಇನ್, ದಯವಿಟ್ಟು ಮುಂದೆ ಹೋಗಿ’ ಎಂಬ ಚೀಟಿ. ವಿದ್ಯುತ್ ಗಾಡಿಗಳ ಹುಡುಗರು ದಾಟಿಹೋಗುವಾಗ ತಿರುಗಿ ನೋಡಿ ನಗುತ್ತಿದ್ದರು. ಎಂಟುನೂರು ಕಿಲೋಮೀಟರಿಗೆ ಆಯಿಲ್ ಇಳಿಸಿದಾಗ ಅದರಲ್ಲಿ ಅಭ್ರಕದ ಪುಡಿಯಂತೆ ಏನೋ ಮಿನುಗಿತು. ಆಕೆಗೆ ಗಾಬರಿಯಾಯಿತು.

“ಹಾಲುಹಲ್ಲು ಬೀಳ್ತಾ ಇವೆ ಡಾಕ್ಟ್ರಮ್ಮ,” ಎಂದರು ಅನ್ವರ್. “ನಿಮಗೆ ನಾನು ಹೇಳ್ಬೇಕಾ? ಅದು ಬೀಳದೆ ಗಟ್ಟಿ ಹಲ್ಲು ಬರಲ್ಲ.”

ಯುಗಾದಿಗೆ ಮುಂಚಿನ ಕೊನೆಯ ಭಾನುವಾರ ನಂದಿಬೆಟ್ಟದ ಮೇಲೆ ಪರವಾನಗಿ ಶಿಬಿರ ಏರ್ಪಾಡಾಗಿತ್ತು. ಸಂಘದ ಮೂವತ್ತೊಂದು ಕಾರುಗಳು ಸಾಲಾಗಿ ಬೆಟ್ಟ ಹತ್ತುವುದು, ಮೇಲೆ ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರ್ ಅಂಕ ನೋಡಿ ಪರವಾನಗಿ ಕೊಡುವುದು. ಮೂವತ್ತು ಕಾರುಗಳು ಬೆಟ್ಟದ ಬುಡದವರೆಗೆ ವಿದ್ಯುತ್ ಲಾರಿಗಳ ಬೆನ್ನೇರಿ ಬಂದವು. ತುಮಕೂರಿನಿಂದ ತಾನೇ ಓಡಿಕೊಂಡು ಬಂದದ್ದು ಫಿಯೆಟ್ ಮಾತ್ರ.

ಅನ್ವರ್ ಕೋಲೂರಿಕೊಂಡು ರೈ ಅವರ ಕೆಂಪು ಕಾರಿನ ಬಳಿಗೆ ಹೋದರು. ಹಿಂದಿನ ಸೀಟಿನಲ್ಲಿ ಮುಖ್ಯ ಅತಿಥಿ ಶ್ರೇಯಾಂಸ ಕುಳಿತಿದ್ದ.

“ರೈಗಳೇ, ಸೊನ್ನೆ ಕಿಲೋಮೀಟರ್ ಓಡಿರೋ ಎಂಜಿನ್. ಮೆಲ್ಲಗೆ ಹತ್ತಿಸಿ. ಅಲ್ಲಲ್ಲಿ ನಿಲ್ಲಿಸಿ ಆರೋಕೆ ಬಿಡಿ.”

“ಸಾಬ್ರೇ, ಇದು ಪೆಟ್ಟಿಗೆಯಿಂದ ಬಂದದ್ದು. ನಿಮ್ಮ ಗ್ಯಾರೇಜಿಂದ ಅಲ್ಲ,” ಎಂದರು ರೈ, ಕೈಗವಸು ಎಳೆದುಕೊಳ್ಳುತ್ತ. “ನೀವು ಹಿಂದೆ ಬನ್ನಿ. ನಿಮ್ಮ ಚೀಟಿಯಲ್ಲೂ ಹಾಗೇ ಬರೆದಿದೆಯಲ್ಲ.”

“ಸರಿ ಬಿಡಿ. ಬಾಯಿ ಬಿಡದವರ ಹಲ್ಲು ಯಾರಿಗೆ ಕೀಳೋಕಾಗುತ್ತೆ,” ಎಂದು ಅನ್ವರ್ ವಾಪಸು ಬಂದರು.

ಬಾವುಟ ಬೀಸಿದ ಕೂಡಲೇ ಮೂವತ್ತು ಕಾರುಗಳು ಅಬ್ಬರಿಸಿಕೊಂಡು ಹೊರಟವು. ಮಾರ್ಚಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ವಾರಿಜಾಕ್ಷಿ ಎರಡನೇ ಗೇರಿನಲ್ಲಿ ಕಾರನ್ನು ನಿಧಾನವಾಗಿ ಹತ್ತಿಸಿದಳು.

ಒಂಬತ್ತನೇ ತಿರುವಿನಲ್ಲಿ ಮೊದಲನೆಯದು ಸಿಕ್ಕಿತು. ನಡುರಸ್ತೆಯಲ್ಲಿ ನಿಂತು ಹೊಗೆಯಾಡುತ್ತಿತ್ತು. ಹತ್ತರಲ್ಲಿ ಎರಡು. ಹನ್ನೊಂದರಲ್ಲಿ ಅಣ್ಣತಮ್ಮಂದಿರ ಹಾಗೆ ನಾಲ್ಕು ಒಟ್ಟಿಗೆ. ಉಂಗುರಗಳು ಹೊಂದಿಕೊಳ್ಳದ ಎಂಜಿನ್‌ಗಳು ಏರಿನಲ್ಲಿ ಪೂರ್ತಿ ವೇಗಕ್ಕೆ ಕಾದು, ಉಬ್ಬಿ, ಪಿಸ್ಟನ್‌ಗಳು ಸಿಲಿಂಡರನ್ನು ಕಚ್ಚಿಹಿಡಿದಿದ್ದವು. ಬಿಳಿ ಕೈಗವಸಿನ ಸದಸ್ಯರು ಬಾನೆಟ್ ಎತ್ತಿ, ಒಳಗೆ ಯಾರಾದರೂ ಕಾಣಿಸಿಯಾರೇನೋ ಎಂಬಂತೆ ಬಗ್ಗಿ ನೋಡುತ್ತಿದ್ದರು. ಒಬ್ಬರು ರೇಡಿಯೇಟರಿಗೆ ತಂಪು ಪಾನೀಯ ಸುರಿಯುತ್ತಿದ್ದರು.

ಹದಿನಾಲ್ಕನೇ ತಿರುವಿನಲ್ಲಿ ಕೆಂಪು ಕಾರು. ರೈ ಅದರ ಚಕ್ರವನ್ನು ಒದೆಯುತ್ತಿದ್ದರು. ಶ್ರೇಯಾಂಸ ರಸ್ತೆಬದಿಯ ಕಲ್ಲಿನ ಮೇಲೆ ಕುಳಿತಿದ್ದ. ವಾರಿಜಾಕ್ಷಿ ನಿಲ್ಲಿಸಿದಳು.

“ಬನ್ನಿ ಸಾರ್, ಹಿಂದೆ ಜಾಗ ಇದೆ. ತಟ್ಟೇನ ಮಡಿಲಲ್ಲಿ ಇಟ್ಕೋಬೇಕು ಅಷ್ಟೇ.”

ಅವನು ಹತ್ತಿದ. ಮಡಿಲಿನ ಹಿತ್ತಾಳೆ ಚೂರುಗಳನ್ನು ನೋಡುತ್ತ, “ಹರಳುಗಳನ್ನೆಲ್ಲ ಓದಿದೆವು. ಎಲ್ಲ ಸರಿಯಾಗಿಯೇ ಇತ್ತು,” ಎಂದ.

“ಸರಿಯಾಗೇ ಇತ್ತು ಸಾರ್,” ಎಂದರು ಅನ್ವರ್, ತಿರುಗದೆ. “ಮದುವೆ ದಿನ ಎಲ್ಲರೂ ಸರಿಯಾಗೇ ಇರ್ತಾರೆ.”

ಬೆಟ್ಟದ ತುದಿಯನ್ನು ತಾನಾಗಿಯೇ ಮುಟ್ಟಿದ್ದು ಒಂದೇ ಕಾರು. ಶಾಮಿಯಾನದಲ್ಲಿದ್ದ ಇನ್ಸ್‌ಪೆಕ್ಟರ್ ಮೂಲತ್ವಮಾಪಕವನ್ನು ಬಾನೆಟ್ಟಿನ ಮೇಲೆ ಇಟ್ಟ. ಮುಳ್ಳು ಅಲುಗಾಡಿ ನಿಂತಿತು. ತೊಂಬತ್ತೇಳು ಪಾಯಿಂಟ್ ಆರು.

“ಫೇಲು ಮೇಡಂ.”

“ಏನು ಕೆಟ್ಟಿದೆ ನೋಡಿ ಸ್ವಲ್ಪ,” ಎಂದಳು ವಾರಿಜಾಕ್ಷಿ.

ಶ್ರೇಯಾಂಸ ಮಾಪಕದ ಪರದೆಯನ್ನು ತನ್ನತ್ತ ತಿರುಗಿಸಿಕೊಂಡ. ಪಟ್ಟಿ ಚಿಕ್ಕದಾಗಿತ್ತು. ಪಿಸ್ಟನ್ ಉಂಗುರಗಳು, ಸಿಲಿಂಡರ್ ಗೋಡೆ, ಬೇರಿಂಗ್‌ಗಳು, ಬ್ರೇಕಿನ ಪಟ್ಟಿ: ಮೂಲದಿಂದ ವ್ಯತ್ಯಾಸ. ಎಂಜಿನ್ ಎಲ್ಲೆಲ್ಲಿ ಎಂಜಿನ್ ಆಗಿತ್ತೋ ಅಲ್ಲೆಲ್ಲ ಉಪಕರಣ ಅಂಕ ಕಳೆದಿತ್ತು. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅಂಕ ತೊಂಬತ್ತೆಂಟಕ್ಕೆ ಇಳಿಯುವುದು ಸುಮಾರು ಸಾವಿರದ ನೂರು ಕಿಲೋಮೀಟರಿನಲ್ಲಿ. ಎಂಜಿನ್ ಪಳಗುವುದು ಸಾವಿರದ ಆರುನೂರರಲ್ಲಿ. ಓಡಿಸಲು ಯೋಗ್ಯವಾಗುವ ಮೊದಲೇ ಪ್ರತಿಯೊಂದು ಕಾರೂ ಓಡಿಸುವ ಹಕ್ಕನ್ನು ಕಳೆದುಕೊಳ್ಳುತ್ತದೆ.

“ಬೇಜಾರು ಮಾಡ್ಕೋಬೇಡಿ ಮೇಡಂ,” ಎಂದ ಇನ್ಸ್‌ಪೆಕ್ಟರ್. “ಯುಗಾದಿಯೊಳಗೆ ಇನ್ನೊಂದು ಸಲ ಪೆಟ್ಟಿಗೆಗೆ ಹಾಕಿಸಿಬಿಡಿ. ನೂರು ಬರುತ್ತೆ. ಕೆಳಗಡೆ ನಿಂತಿರೋವ್ರೆಲ್ಲ ಆಗಲೇ ಫೋನ್ ಮಾಡಿ ಸರದಿ ಹಿಡಿದಿದ್ದಾರೆ.”

“ಆಮೇಲೆ?”

“ಆಮೇಲೆ ಏನು? ಓಡಿಸದೆ ಇಟ್ಕೊಂಡ್ರೆ ಪರವಾನಗಿ ಪ್ರತಿವರ್ಷ ತಾನಾಗೇ ಮುಂದುವರಿಯುತ್ತೆ.”

ವಾರಿಜಾಕ್ಷಿ ಶ್ರೇಯಾಂಸನ ಕಡೆ ತಿರುಗಿದಳು. “ತೊಂಬತ್ತೆಂಟೇ ಯಾಕೆ ಸಾರ್?”

ಅವನು ತಟ್ಟೆಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ. “ಇಲಾಖೆಯವರು ನನ್ನನ್ನು ಒಂದು ಸಂಖ್ಯೆ ಕೇಳಿದರು,” ಎಂದ. “ತೊಂಬತ್ತೊಂಬತ್ತು ಅಂದರೆ ಕಠಿಣವಾಗುತ್ತೆ ಅನ್ನಿಸಿತು.”

ತೀರಾ ಕೊಳೆತ ಹಲ್ಲನ್ನು ಕಂಡಾಗಲೂ ಆಕೆ ರೋಗಿಯನ್ನು ಬೈದವಳಲ್ಲ. ಕಾರಿನ ಬಳಿಗೆ ಹೋಗಿ ಮೀಟರು ನೋಡಿದಳು. ಒಂದು ಸಾವಿರದ ಇನ್ನೂರ ಅರವತ್ತೆರಡು.

“ಸಾಬ್ರೇ, ಇನ್ನು ಮುನ್ನೂರ ಮೂವತ್ತೆಂಟು ಇದೆ.”

ಅನ್ವರ್ ಬಿಸಿಲಿಗೆ ಕಣ್ಣು ಕಿರಿದು ಮಾಡಿದರು. “ಟ್ಯಾಂಕು ತುಂಬಿಸಿದ್ದೀವಿ. ಯುಗಾದಿಗೆ ಹೇಗೂ ಇಲಾಖೆಯವರು ಬಂದು ಸುರಿದುಕೊಂಡು ಹೋಗ್ತಾರೆ. ಮನೆ ದಾಟಿ ಚಿತ್ರದುರ್ಗಕ್ಕೆ ಹೋಗಿ ವಾಪಸು ಬಂದ್ರೆ ಲೆಕ್ಕ ಸರಿಹೋಗುತ್ತೆ.”

“ಪೆಟ್ಟಿಗೆಗೆ ಹಾಕಿಸುವುದಿಲ್ಲವೇ?” ಎಂದ ಶ್ರೇಯಾಂಸ.

“ಒಂದು ಮಗೂಗೆ ಎಷ್ಟು ಸಲ ಹಾಲುಹಲ್ಲು ಬರಿಸ್ತೀರಿ ಸಾರ್?” ಎಂದಳು ವಾರಿಜಾಕ್ಷಿ. “ಹಗ್ಗದ ಹಿಂದೆ ನಿಲ್ಲಲಿ. ಆದರೆ ಹಲ್ಲು ಬಂದ ಮೇಲೆ ನಿಲ್ಲಲಿ.”

ಇಳಿಯುವಾಗ ಹದಿನಾಲ್ಕನೇ ತಿರುವಿನಲ್ಲಿ ರೈ ಕೈ ಅಡ್ಡಹಾಕಿದರು. ಅನ್ವರ್ ಹಿಂದಿನ ಗಾಜಿನ ಚೀಟಿಯತ್ತ ಹೆಬ್ಬೆರಳು ತೋರಿಸಿದರು. ‘ದಯವಿಟ್ಟು ಮುಂದೆ ಹೋಗಿ.’ ಕಾರು ನಿಲ್ಲಲಿಲ್ಲ.

ಶ್ರೇಯಾಂಸನನ್ನು ಬೆಟ್ಟದ ಬುಡದಲ್ಲಿ ಇಳಿಸಬೇಕಿತ್ತು. ಅವನು ಇಳಿಯಲಿಲ್ಲ. ತುಮಕೂರು ದಾಟಿತು, ಶಿರಾ ದಾಟಿತು, ಹಿರಿಯೂರಿನಲ್ಲಿ ಎಂಜಿನ್ ಆರಿಸಲು ನಿಲ್ಲಿಸಿ ಚಹಾ ಕುಡಿದರು. ತಟ್ಟೆಯಿಂದ ಒಂದೊಂದೇ ಚೂರು ಎತ್ತಿ ಅವನು ಇದೇನು ಎಂದು ಕೇಳುತ್ತಿದ್ದ. ಆಕೆ ಕನ್ನಡಿಯಲ್ಲಿ ನೋಡಿ ಹೇಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವನು ಕೇಳುವುದನ್ನು ಬಿಟ್ಟು ತಾನೇ ಊಹಿಸತೊಡಗಿದ. ಹೆಚ್ಚಿನವು ತಪ್ಪಾಗಿದ್ದವು.

ಚಿತ್ರದುರ್ಗದಿಂದ ಹಿಂದಿರುಗುವಾಗ ಎಂಜಿನ್ನಿನ ಸದ್ದು ಬದಲಾಗಿರುವುದನ್ನು ಮೊದಲು ಕೇಳಿಸಿಕೊಂಡವಳು ವಾರಿಜಾಕ್ಷಿ. ಬಿಗಿಹಿಡಿದ ಉಸಿರನ್ನು ಯಾರೋ ಸಡಿಲಬಿಟ್ಟ ಹಾಗೆ. ಅನ್ವರ್ ಕಣ್ಣುಮುಚ್ಚಿ ತಲೆಯಾಡಿಸಿದರು.

ಇಳಿಬಿಸಿಲಿನಲ್ಲಿ ಮೀಟರು ಸಾವಿರದ ಆರುನೂರು ತೋರಿಸಿದಾಗ ಆಕೆ ಕಾರನ್ನು ರಸ್ತೆಯ ಪಕ್ಕಕ್ಕೆ ತಂದಳು. ಇಳಿದು, ಹಿಂದಿನ ಗಾಜಿನ ಚೀಟಿಯನ್ನು ಒಂದು ಮೂಲೆಯಿಂದ ಹರಿಯದಂತೆ ಕಿತ್ತು, ಕಿಟಕಿಯೊಳಗಿಂದ ಶ್ರೇಯಾಂಸನ ತಟ್ಟೆಗೆ ಹಾಕಿದಳು. ಅನ್ಯವಸ್ತು, ನೂರಾ ನಲವತ್ತೊಂದು.

“ಈಗ ಇದರ ಅಂಕ ಎಷ್ಟಿರಬಹುದು?” ಎಂದಳು.

“ತೊಂಬತ್ತೇಳರ ಆಸುಪಾಸು,” ಎಂದ ಅವನು ಸಣ್ಣ ದನಿಯಲ್ಲಿ.

“ಡಾಕ್ಟ್ರಮ್ಮ,” ಎಂದರು ಅನ್ವರ್, “ಇನ್ನು ಆಕ್ಸಿಲರೇಟರ್ ಪೂರ್ತಿ ಒತ್ತಬಹುದು.”

ಮನೆ ಇನ್ನು ಆರು ಕಿಲೋಮೀಟರ್ ಇತ್ತು.