ಮೂರು ಸಲ ಕೇಳುವ ಚೈತ್ರ

ಬೆಳಗಿನ ಆರೂವರೆಗೆ ಧಾರವಾಡದ ಮನೆಮನೆಯ ಗೋಡೆಯಿಂದ ಅರ್ಪಿತಾ ಹಂಚಿನಮನಿಯ ದನಿ ಕೇಳಿಬಂತು.

"ಯುಗಾದಿಗೆ ಇನ್ನು ಒಂಬತ್ತೇ ದಿನ. ಅಟ್ಟದ ಧೂಳು ಹೊಡೆದಿರಿ, ಹಾಸಿಗೆ ಹೊದಿಕೆ ಒಗೆದಿರಿ. ಮನೆಯ ಕಂಪ್ಯೂಟರನ್ನು ಯಾರು ಚೊಕ್ಕ ಮಾಡಬೇಕು? ಹಳೆಯ ಪಾಸ್‌ವರ್ಡ್ ಬದಲಾಯಿಸಿ. ಗುರುತಿಲ್ಲದವರು ಕಳಿಸಿದ ಲಿಂಕನ್ನು ಒತ್ತಬೇಡಿ. ಬೇಕಾದದ್ದು ಇರಲಿ, ಬೇಡವಾದದ್ದು ಹೋಗಲಿ. ನಾನು ಒಂದೊಂದಾಗಿ ಕೇಳುತ್ತೇನೆ, ನೀವು ಹೇಳುತ್ತ ಬನ್ನಿ."

ಅರವತ್ತೈದು ವರ್ಷದ ಅರ್ಪಿತಾ ಅಡುಗೆಮನೆಯಲ್ಲಿ ಚಹಾ ಸೋಸುತ್ತ ತನ್ನ ಬುದ್ಧಿಮಾತನ್ನು ತಾನೇ ಕೇಳಿಸಿಕೊಂಡಳು. ಮೊದಮೊದಲು ನಗು ಬರುತ್ತಿತ್ತು, ಈಗ ರೂಢಿಯಾಗಿತ್ತು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಕಾಲದಲ್ಲಿ ಆಕೆ ಪ್ರತಿ ವಸಂತಕ್ಕೆ ಪತ್ರಿಕೆಯೊಂದರಲ್ಲಿ ಮನೆಯ ಕಂಪ್ಯೂಟರಿನ ಆರೈಕೆ ಕುರಿತು ಅಂಕಣ ಬರೆಯುತ್ತಿದ್ದಳು. ಆಗ ಎಂಟನೆಯ ಇಯತ್ತೆಯಲ್ಲಿದ್ದ ಪಕ್ಕದ ಮನೆಯ ಋತ್ವಿಕ್ ನಾಡಗೌಡ ಸಂಜೆ ಆಕೆಯ ಬಳಿ ಪಾಠಕ್ಕೆ ಬರುತ್ತಿದ್ದ. ಮುಂದೆ ಅವನೇ ವಿಜ್ಞಾನಿಯಾಗಿ 'ಚೈತ್ರ' ಎಂಬ ಯಂತ್ರಬುದ್ಧಿಯನ್ನು ಕಟ್ಟಿದಾಗ ಟೀಚರ ದನಿಯನ್ನೂ ಅವರ ಅಂಕಣಗಳನ್ನೂ ಕೇಳಿ ಪಡೆದ. "ಬಿಟ್ಟಿ ಉಪದೇಶಕ್ಕೂ ಕಡೀಕ ಗಿರಾಕಿ ಸಿಕ್ರು ನೋಡು" ಎಂದು ಗಂಡ ಮಹಾಂತೇಶ ಛೇಡಿಸಿದ್ದ.

ಚೈತ್ರ ಬೇಕಾಗಿದ್ದೇನೋ ನಿಜ. ಜನ ತೆಗೆದು ಗುಡ್ಡೆ ಹಾಕಿದ ಫೋಟೊ, ವಿಡಿಯೊಗಳನ್ನು ಕಾಯುವುದಕ್ಕೆಂದೇ ದೊಡ್ಡ ದೊಡ್ಡ ಉಗ್ರಾಣಗಳು ಎದ್ದು, ಊರುಗಳಷ್ಟು ಕರೆಂಟು, ನೀರು ಕುಡಿಯತೊಡಗಿದ್ದವು. ಹಾಗಾಗಿ ಯಾವ ಫೋಟೊಕ್ಕೂ ಒಂದೇ ಪ್ರತಿ ಎಂಬ ನಿಯಮ ಬಂತು. ಮದುವೆಯ ಫೋಟೊ ಒಂದೇ ಇರುತ್ತದೆ, ಮದುವೆಗೆ ಬಂದವರೆಲ್ಲ ತಮ್ಮ ತಮ್ಮ ಮನೆಯಿಂದ ಅದನ್ನೇ ನೋಡುತ್ತಾರೆ. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ವರ್ಷಕ್ಕೊಮ್ಮೆ ಯುಗಾದಿಯ ಮುಂದೆ ಚೈತ್ರ ಕೇಳುತ್ತದೆ. ನಮ್ಮ ಜನ ಅದನ್ನೂ ಹಬ್ಬವಾಗಿ ಮಾಡಿಕೊಂಡರು. ಪರದೆಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಇಳಿಬಿಟ್ಟು, ಮನೆಮಂದಿಯೆಲ್ಲ ಚಾಪೆಯ ಮೇಲೆ ಕೂತು 'ಇರಲಿ', 'ಹೋಗಲಿ' ಎನ್ನುವುದು ಒಂದು ಸಂಭ್ರಮವಾಯಿತು.

ಮೂರು ದಿನ ಬಿಟ್ಟು ಮಹಾಂತೇಶನ ವರ್ಷದ ಕಾರ್ಯ ಇತ್ತು. ಹಿಂದಿನ ವರ್ಷ ಯುಗಾದಿಗೆ ಆರು ದಿನವಿರುವಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಆಮೇಲೆ ಅರ್ಪಿತಾ ಅವನ ಒಂದು ಫೋಟೊವನ್ನೂ ನೋಡಿರಲಿಲ್ಲ. ನೋಡಿದರೆ ತಡೆದುಕೊಳ್ಳಲಾರೆ ಎಂದು ತನ್ನನ್ನು ತಾನೇ ಹಿಡಿದುಕೊಂಡಿದ್ದಳು. ಈಗ ಕಾರ್ಯಕ್ಕೆ ಫೋಟೊ ಬೇಕೇ ಬೇಕು.

"ಚೈತ್ರಾ, ನಮ್ಮನಿಯವರದು ಒಂದು ಚೊಲೊ ಫೋಟೊ ತೆಗಿ. ಫ್ರೇಮ್ ಹಾಕಿಸ್ಬೇಕು" ಎಂದಳು.

"ಅಂಥ ಫೋಟೊ ಯಾವುದೂ ಇಲ್ಲ" ಎಂದಿತು ಗೋಡೆ, ಅರ್ಪಿತಾಳದೇ ದನಿಯಲ್ಲಿ.

ಮತ್ತೆ ಕೇಳಿದಳು. ಹೆಸರು ಹೇಳಿದಳು, ಮದುವೆಯ ತಾರೀಕು ಹೇಳಿದಳು. ಮದುವೆಯ ಆಲ್ಬಮ್ ತೆರೆದುಕೊಂಡಿತು. ಮಂಟಪ ಇತ್ತು, ಅಕ್ಕಿಕಾಳು ಹಾಕುವ ಕೈಗಳಿದ್ದವು. ಹಸಿರು ಸೀರೆಯ ಇಪ್ಪತ್ತಾರು ವರ್ಷದ ಅರ್ಪಿತಾ ತಲೆ ತಗ್ಗಿಸಿ, ಪಕ್ಕದ ಖಾಲಿ ಮಣೆಯ ಕಡೆ ವಾರೆಗಣ್ಣಿನಲ್ಲಿ ನೋಡಿ ನಗುತ್ತಿದ್ದಳು. ಮಣೆಯ ಮೇಲಿನ ರಂಗೋಲಿಯ ಎಳೆ ಕೂಡ ಕೆಟ್ಟಿರಲಿಲ್ಲ. ಆ ಮಣೆಯ ಮೇಲೆ ಯಾರೂ ಕೂತೇ ಇರಲಿಲ್ಲವೆಂಬಂತೆ ಎಲ್ಲವೂ ಅಚ್ಚುಕಟ್ಟಾಗಿತ್ತು.

ಅರ್ಪಿತಾ ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಓಣಿಯಲ್ಲಿದ್ದ ಮೈದುನನ ಮನೆಗೆ ನಡೆದಳು. ಮೈದುನನ ಹೆಂಡತಿ ಸಹನಾ ತನ್ನ ಮನೆಯ ಪರದೆಯಲ್ಲಿ ಮಗಳ ನಿಶ್ಚಿತಾರ್ಥದ ವಿಡಿಯೊ ಹಾಕಿದಳು. ಅದರಲ್ಲಿ ಅರ್ಪಿತಾ ಖಾಲಿ ಕುರ್ಚಿಯೊಂದರ ಕಡೆ ತಿರುಗಿ, "ನಿಮ್ಮದು ಬರೀ ಇದ ಆತು, ಸುಮ್ನ ಕೂಡ್ರಿ" ಎಂದು ಹುಸಿಮುನಿಸು ತೋರಿಸುತ್ತಿದ್ದಳು. ಸುತ್ತಲಿನವರು ಗೊಳ್ಳನೆ ನಗುತ್ತಿದ್ದರು. ಅವರು ಯಾವ ಮಾತಿಗೆ ನಕ್ಕರೋ ಆ ಮಾತು ಅಲ್ಲಿರಲಿಲ್ಲ.

"ಅಕ್ಕಾ, ಇದೇನಿದು? ಭಾವನೋರು ಎಲ್ಲಿ ಹೋದ್ರು?" ಎಂದು ಸಹನಾ ಬಾಯಿಗೆ ಸೆರಗು ಹಿಡಿದಳು.

"ನೆನಪ ಮಾಡ್ಕೊ ಸಹನಾ, ಆವತ್ತು ಅವ್ರು ಏನಂದಿದ್ರು?"

ಸಹನಾ ಬಹಳ ಹೊತ್ತು ಯೋಚಿಸಿದಳು. "ಏನೋ ಚಾಷ್ಟಿ ಮಾಡಿದ್ರು" ಎಂದಳು. ಅರ್ಪಿತಾಳಿಗೂ ಅಷ್ಟೇ ಗೊತ್ತಿತ್ತು.

ಕಾಗದದ ಫೋಟೊಗಳು ಯಾರ ಮನೆಯಲ್ಲೂ ಉಳಿದಿರಲಿಲ್ಲ. ಹಳೆಯ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುತ್ತಿದ್ದ ಹಾಗೆ, ಓಣಿಗೆ ಬರುತ್ತಿದ್ದ ಸ್ಕ್ಯಾನಿಂಗ್ ಗಾಡಿಗೆ ಹಳೆಯ ಆಲ್ಬಮ್ ಕೊಟ್ಟು ಜನ ಅಡುಗೆಮನೆಯ ಡಬ್ಬಿಗಳನ್ನು ತೆಗೆದುಕೊಂಡಿದ್ದರು. ಕಾಗದಕ್ಕೆ ಹುಳ ಬೀಳುತ್ತದೆ, ಸ್ಕ್ಯಾನ್ ಮಾಡಿಸಿ ಎಂದು ಅಂಕಣದಲ್ಲಿ ಬರೆದವಳೂ ಇದೇ ಅರ್ಪಿತಾ.

ಋತ್ವಿಕ್‌ನ ಪ್ರಯೋಗಾಲಯ ಊರ ಹೊರಗಿನ ಗುಡ್ಡದ ಮೇಲಿತ್ತು. ಟೀಚರನ್ನು ಕಂಡ ಕೂಡಲೇ ಎದ್ದು ಕುರ್ಚಿ ಎಳೆದುಕೊಟ್ಟ. ಆಕೆ ಹೇಳಿದ್ದನ್ನು ಕೇಳಿಕೊಂಡು, ಪರದೆಯಲ್ಲಿ ಏನನ್ನೋ ಹುಡುಕಿದ.

"ಟೀಚರ್, ನಿಮಗ ನೆನಪಿರಬೇಕು. ಸತ್ತವರ ಮುಖ, ದನಿ ಕದ್ದು, ಅವರ ಹಂಗ ಫೋನ್ ಮಾಡಿ ಮನಿಮಂದಿನ್ನ ಮೋಸ ಮಾಡ್ತಿದ್ರಲ್ಲ. ಅದಕ್ಕ ಕಾಯ್ದೆ ಆತು. ಸತ್ತವರ ಮನಿಯವರು ಬ್ಯಾಡ ಅಂದ್ರ, ಎಲ್ಲಾ ಕಡೆಯಿಂದ ಅವರನ್ನ ತಗೀಬೇಕು. ಬ್ಯಾರೆದವರ ಫೋಟೊದಾಗಿಂದನೂ."

"ನಾ ಯಾವಾಗ ಬ್ಯಾಡ ಅಂದೆ?"

"ನೀವು ಏನೂ ಅನ್ಲಿಲ್ಲ. ಹೋದ ವರ್ಷ ಮೂರು ದಿನ ಚೈತ್ರ ಕೇಳೇತಿ. ಮೂರು ದಿನನೂ ಉತ್ತರ ಬಂದಿಲ್ಲ."

ಅರ್ಪಿತಾಳಿಗೆ ಆ ಮೂರು ಬೆಳಗುಗಳು ನೆನಪಾದವು. ಮನೆತುಂಬ ನೆಂಟರಿದ್ದರು. ಗೋಡೆ ಮಾತಾಡಿದ ಕೂಡಲೇ ಯಾರೋ ಹಿರಿಯರು, "ಸೂತಕದ ಮನಿಯಾಗ ಎಂಥಾ ಹಬ್ಬ, ಅದನ್ನ ಬಂದ್ ಮಾಡ್ರಿ" ಎಂದಿದ್ದರು. ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬ ಮಾಡುವುದಿಲ್ಲ. ಮೈದುನನ ಮನೆಯಲ್ಲೂ ಮಾಡಿರಲಿಲ್ಲ. ಚೈತ್ರ ಯುಗಾದಿಯ ಭಾಗವಾಗಿದ್ದ ಮೇಲೆ ಅದಕ್ಕೆ ಉತ್ತರ ಕೊಡುವವರಾದರೂ ಯಾರು?

"ಉತ್ತರ ಬರಲಿಲ್ಲ ಅಂದ್ರ ಬ್ಯಾಡ ಅಂತ ಅರ್ಥ ಮಾಡ್ಕೊಳ್ಳೋದ? ಯಾರೋ ಹಿಂಗ ಬರದಾವ್ರು?" ಎಂದು ಅರ್ಪಿತಾ ಸಿಟ್ಟಿನಿಂದ ಕೇಳಿದಳು.

ಋತ್ವಿಕ್ ಪರದೆಯನ್ನು ಆಕೆಯ ಕಡೆ ತಿರುಗಿಸಿದ. ಇಪ್ಪತ್ತೇಳು ವರ್ಷದ ಹಿಂದಿನ ಅಂಕಣ ಅದು, ಆಕೆಯದೇ. 'ಒಂದು ಕಡತ ಬೇಕೋ ಬೇಡವೋ ಎಂದು ಮನಸ್ಸನ್ನು ಮೂರು ಸಲ ಕೇಳಿ. ಮೂರು ಸಲವೂ ಬೇಕು ಎನ್ನದಿದ್ದರೆ ಧೈರ್ಯವಾಗಿ ಅಳಿಸಿ.' ಬೇಡದ ಬಿಲ್ಲು, ಎರಡೆರಡು ಸಲ ಇಳಿಸಿಕೊಂಡ ಹಾಡು ಇಂಥವುಗಳ ಬಗ್ಗೆ ಬರೆದ ಮಾತು ಅದಾಗಿತ್ತು. ಅದನ್ನು ನಿಯಮ ಮಾಡಿ ಯಂತ್ರಕ್ಕೆ ಕೊಟ್ಟಿದ್ದರು.

"ಇದು ನಿಮ್ಮೊಬ್ಬರ ಮನಿದಲ್ಲ ಟೀಚರ್" ಎಂದ ಋತ್ವಿಕ್. "ಯಾರು ಯಾವಾಗ ಸತ್ತರೂ ವರ್ಷದೊಳಗ ಒಂದು ಯುಗಾದಿ ಬಂದೇ ಬರ್ತೈತಿ. ಕಾಯ್ದೆ ಆದ ಈ ಆರು ವರ್ಷದಾಗ, ಹಬ್ಬ ಬಿಟ್ಟ ಮನಿ ಎಷ್ಟದಾವೊ ಅಷ್ಟೂ ಮನಿ ಸತ್ತವರು ಹೋಗ್ಯಾರ. ನಮ್ಮ ಜಿಲ್ಲಾದಾಗ ನಲವತ್ತು ಸಾವಿರದ ಮ್ಯಾಲ."

"ಆರು ವರ್ಷ ಒಬ್ಬರೂ ಕೇಳಲಿಲ್ಲೇನು?"

"ಹತ್ತೊಂಬತ್ತು ದೂರು ಬಂದಾವ. ಎಲ್ಲಾರೂ ಬರದದ್ದು ಒಂದ. ನಾನ ಕೈತಪ್ಪಿ ಅಳಿಸಿರಬೇಕು, ದಯವಿಟ್ಟು ಮನಿಯವರಿಗೆ ಹೇಳಬ್ಯಾಡ್ರಿ ಅಂತ."

ಕಿಟಕಿಯಾಚೆ ಊರು ಬಿಸಿಲಿನಲ್ಲಿ ಹರಡಿಕೊಂಡಿತ್ತು. ಆ ಛಾವಣಿಗಳ ಕೆಳಗೆ ಎಷ್ಟು ಮಂದಿ ಒಬ್ಬರಿಗೊಬ್ಬರು ಹೇಳದೆ ಇದೇ ಗುಟ್ಟನ್ನು ನುಂಗಿಕೊಂಡು ಕೂತಿದ್ದಾರೋ ಎಂದುಕೊಂಡಾಗ ಅರ್ಪಿತಾಳಿಗೆ ಭಯವಾಯಿತು.

"ತಿರುಗಿ ತರಾಕ ಬರ್ತೈತೇನು? ಅಷ್ಟು ಹೇಳು."

ಋತ್ವಿಕ್ ಎದ್ದು ಬಾಗಿಲು ಮುಚ್ಚಿ ಬಂದ. ಅಳಿಸಿದ್ದು ಅಳಿಸಿಹೋಗಿತ್ತು. ಆದರೆ ಒಬ್ಬನನ್ನು ಎಲ್ಲ ಕಡೆಯಿಂದ ಅಳಿಸಬೇಕಾದರೆ ಅವನನ್ನು ಗುರುತು ಹಿಡಿಯಬೇಕಲ್ಲ. ಅದಕ್ಕಾಗಿ ಚೈತ್ರ ಸತ್ತ ಪ್ರತಿಯೊಬ್ಬರ ಮುಖದ ಅಳತೆ, ದನಿಯ ಏರಿಳಿತ, ನಡಿಗೆಯ ರೀತಿಗಳ ಒಂದು ಅಚ್ಚನ್ನು ತನ್ನೊಳಗೆ ಇಟ್ಟುಕೊಂಡಿತ್ತು. ನಾಳೆ ಯಾರೋ ಹೊಸ ಫೋಟೊ ತಂದು ಹಾಕಿದರೂ ಅದರಲ್ಲಿ ಅವನನ್ನು ಪತ್ತೆಮಾಡಿ ತೆಗೆಯಲು ಆ ಅಚ್ಚು ಬೇಕು. ಮಹಾಂತೇಶನನ್ನು ಈ ಭೂಮಿಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ಬಲ್ಲದ್ದು ಅವನನ್ನು ಅಳಿಸಿದ ಯಂತ್ರವೇ ಆಗಿತ್ತು.

"ಆ ಅಚ್ಚಿನಿಂದ ಅವರನ್ನ ಮತ್ತ ಕಟ್ಟಬಹುದು" ಎಂದು ದನಿ ತಗ್ಗಿಸಿದ. "ನೋಡ್ತೀರೇನು?"

ಅರ್ಪಿತಾ ಹ್ಞೂಂ ಅನ್ನುವಷ್ಟರಲ್ಲಿ ಪರದೆಯ ಮೇಲೆ ಮಹಾಂತೇಶ ಕೂತಿದ್ದ. ಅದೇ ಅಗಲ ಹಣೆ, ಅದೇ ಕಿವಿ. ಅವನು ಮುಂದಕ್ಕೆ ಬಾಗಿ, "ಅರ್ಪಿತಾ, ಚಹಾ ಆತೇನು? ನೀನೂ ಕೂಡು, ದಣದೀ" ಎಂದ. ಅದೇ ದನಿ. ಆಕೆಗೆ ಗೊತ್ತಿಲ್ಲದೆಯೇ "ಆತ್ರಿ" ಎಂಬ ಮಾತು ಬಾಯಿಂದ ಬಂದುಬಿಟ್ಟಿತು.

ಅಷ್ಟರಲ್ಲಿ ಏನೋ ಚುಚ್ಚಿತು. "ಅವ್ರು ಹಿಂಗ ಮಾತಾಡ್ತಿದ್ದಿಲ್ಲೊ" ಎಂದಳು.

"ಅಚ್ಚಿನಾಗ ಮಾತು ಇರಂಗಿಲ್ಲ ಟೀಚರ್, ದನಿ ಅಷ್ಟ. ಸಾಮಾನ್ಯವಾಗಿ ಗಂಡಂದಿರು ಏನ ಮಾತಾಡ್ತಾರೊ ಅದನ್ನ ಚೈತ್ರ ತುಂಬತೈತಿ. ನೀವು ಹೇಳ್ರಿ, ಅವರು ಏನಂತಿದ್ರೊ ಅದನ್ನ ಹಾಕೋಣ."

ಅರ್ಪಿತಾ ಬಾಯಿ ತೆರೆದಳು. ಮೂವತ್ತೆಂಟು ವರ್ಷ ಜೊತೆಗಿದ್ದವನು ಬೆಳಗೆದ್ದು ಏನನ್ನುತ್ತಿದ್ದ ಎಂದು ನೆನೆಸಿಕೊಂಡಳು. "ಅರ್ಪಿತಾ, ಚಹಾ ಆತೇನು" ಎಂಬುದೇ ಕಿವಿಯಲ್ಲಿ ಗುಂಯ್‌ಗುಟ್ಟಿತು. ಅದನ್ನು ಆಚೆ ಸರಿಸಿ ಹಿಂದಿನದನ್ನು ಹುಡುಕಿದರೂ ಅದೇ ಬಂತು. ಹತ್ತು ಸೆಕೆಂಡಿನಲ್ಲಿ ಆ ಪರದೆಯ ಮನುಷ್ಯ ಆಕೆಯೊಳಗಿನ ಮಹಾಂತೇಶನ ಜಾಗದಲ್ಲಿ ಬಂದು ಕೂತಿದ್ದ. ಆಕೆ ಹೆದರಿ ಕಣ್ಣು ಮುಚ್ಚಿಕೊಂಡಳು.

"ಬಂದ್ ಮಾಡು. ಮೊದಲು ಬಂದ್ ಮಾಡು."

ಋತ್ವಿಕ್ ಆರಿಸಿದ. ಆಮೇಲೆ ವಿಷಯಕ್ಕೆ ಬಂದ. ಮೇಲಿನವರು ಒಪ್ಪಿದರೆ ಯುಗಾದಿಯೊಳಗೆ ನಲವತ್ತು ಸಾವಿರ ಮಂದಿಯನ್ನೂ ಹೀಗೇ ಕಟ್ಟಿ ಅವರವರ ಫೋಟೊಗಳಲ್ಲಿ ಕೂರಿಸಬಹುದು. ಯಾರಿಗೂ ತಿಳಿಯುವುದಿಲ್ಲ. ಕೆಲವು ಕಡತಗಳು ದುರಸ್ತಿಯಾಗಿವೆ ಎಂದು ಟೀಚರ್ ತಮ್ಮ ದನಿಯಲ್ಲಿ ಒಂದು ಮಾತು ಹೇಳಿದರೆ ಜನ ನಂಬುತ್ತಾರೆ.

"ಖರೆ ಹೇಳಿದ್ರ ಏನಾಗ್ತೈತಿ?"

"ಸತ್ತವರ ಅಚ್ಚಿನಿಂದ ಅವರನ್ನ ಕಟ್ಟೋದು ಅಪರಾಧ. ಸುದ್ದಿ ಹೊರಗ ಬಂದ್ರ ಕೋರ್ಟಿನವರು ಅಚ್ಚುಗಳನ್ನೂ ಕರಗಿಸಂತಾರ. ಆಮ್ಯಾಲ ಏನೂ ಉಳಿಯಂಗಿಲ್ಲ." ಋತ್ವಿಕ್ ಆಕೆಯ ಮುಖ ನೋಡಲಾರದೆ ಮೇಜು ನೋಡಿದ. "ಸರ್ ಕೂಡ ಹೋಗ್ತಾರ, ಟೀಚರ್."

"ಅವ್ರು ಹೋದ ವರ್ಷನ ಹೋಗ್ಯಾರ ಋತ್ವಿಕ್" ಎಂದಳು ಅರ್ಪಿತಾ. ಮನೆಗೆ ಬರುವ ದಾರಿಯುದ್ದಕ್ಕೂ ಆ ಮುಖವನ್ನು ಇನ್ನೊಂದೇ ಸಲ ನೋಡಿ ಬರಬೇಕಿತ್ತು ಎಂದು ಜೀವ ಬಡಕೊಂಡಿತು.

ವರ್ಷದ ಕಾರ್ಯ ಫೋಟೊ ಇಲ್ಲದೆಯೇ ನಡೆಯಿತು. ಮಣೆಯ ಮೇಲೆ ಮಹಾಂತೇಶನ ಧೋತರ, ಕನ್ನಡಕ ಇಟ್ಟು ಪೂಜೆ ಮಾಡಿದರು. ಬಂದವರಲ್ಲಿ ಇಬ್ಬರು ಮೂವರು ಆ ಖಾಲಿ ಜಾಗವನ್ನು ನೋಡಿದ ಕೂಡಲೇ ಮುಖ ತಿರುಗಿಸಿಕೊಂಡರು. ಅವರ ಮನೆಗಳಲ್ಲೂ ಈಚಿನ ವರ್ಷಗಳಲ್ಲಿ ಸಾವಾಗಿತ್ತು ಎಂಬುದು ಅರ್ಪಿತಾಳಿಗೆ ಗೊತ್ತಿತ್ತು.

ಯುಗಾದಿಯ ಹಿಂದಿನ ದಿನ ಬೆಳಗ್ಗೆ ಆರೂವರೆಗೆ ಗೋಡೆಗಳು ಮಾತಾಡಿದವು. ದುರಸ್ತಿಯ ಮಾತಿನ ಬದಲು ಟೀಚರ್ ತಾವೇ ಬರೆದು ಓದಿದ್ದನ್ನು ಋತ್ವಿಕ್ ಒಂದಕ್ಷರ ತಿದ್ದದೆ ಹಾಗೇ ಬಿಟ್ಟಿದ್ದ. ಕೆಲಸ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

"ನಾನು ಅರ್ಪಿತಾ. ಇವತ್ತು ಮಾತಾಡುತ್ತಿರುವವಳು ನಾನೇ, ಚೈತ್ರ ಅಲ್ಲ. ನಿಮ್ಮ ಮನೆಯಲ್ಲಿ ಸತ್ತವರ ಫೋಟೊ ಕಾಣದಿದ್ದರೆ ಅದು ನಿಮ್ಮ ಕೈತಪ್ಪಲ್ಲ. ನಾವು ಅಳಿಸಿದ್ದೇವೆ. ನಾನು ಬರೆದ ಒಂದು ಸಾಲಿನಿಂದ ಹಾಗಾಯಿತು. ಅವರು ತಿರುಗಿ ಬರುವುದಿಲ್ಲ. ಈ ವರ್ಷ ಏನನ್ನೂ ಅಳಿಸಬೇಡಿ. ಬೈಯುವುದಿದ್ದರೆ ನನಗೇ ಫೋನ್ ಮಾಡಿ."

ಮೊದಲ ಫೋನು ಆರು ನಲವತ್ತಕ್ಕೆ ಬಂತು. ವಯಸ್ಸಾದ ಹೆಣ್ಣಿನ ದನಿ. ಬೈಯಲಿಲ್ಲ. "ನಾಲ್ಕು ವರ್ಷ ಆತ್ರಿ ಬಾಯಾರ" ಎಂದಳು. "ನಾನ ಏನೋ ಒತ್ತಿಬಿಟ್ಟೆ ಅಂತ ತಿಳದು ಮಕ್ಕಳಿಗೂ ಹೇಳಿಲ್ಲ. ಅವರು ಅಪ್ಪನ ಫೋಟೊ ಕೇಳಿದಾಗೆಲ್ಲಾ ಸುಳ್ಳ ಹೇಳೀನಿ." ಮುಂದೆ ಮಾತಾಡಲಾರದೆ ಬಿಕ್ಕಿ ಬಿಕ್ಕಿ ಅತ್ತಳು.

ಅರ್ಪಿತಾ ಆಕೆಯ ಅಳು ನಿಲ್ಲುವವರೆಗೆ ಕಾದಳು. "ನಿಮ್ಮನಿಯವರು ಹೆಂಗಿದ್ರು, ನನಗ ಹೇಳ್ರಿ. ನಾ ಕಾಗದದ ಮ್ಯಾಲ ಬರಕೊಳ್ತೀನಿ" ಎಂದಳು.

"ಎತ್ತರ ಇದ್ರು" ಎಂದಳು ಆ ಹೆಣ್ಣುಮಗಳು. ಸ್ವಲ್ಪ ತಡೆದು, "ಕೆಂಪಗಿದ್ರು" ಎಂದಳು. ಆಮೇಲೆ ಮತ್ತೆ ಅವೆರಡನ್ನೇ ಹೇಳಿದಳು. ಎರಡನೆಯವರೂ ಹಾಗೇ, ಮೂರನೆಯವರೂ ಹಾಗೇ. ಹತ್ತು ಗಂಟೆಯವರೆಗೆ ಮೂವತ್ತು ಮಂದಿಯದನ್ನು ಬರೆದುಕೊಂಡಳು. ಯಾರದೂ ಎರಡು ಸಾಲಿಗಿಂತ ಹೆಚ್ಚಾಗಲಿಲ್ಲ. ಮಹಾಂತೇಶನ ಹೆಸರು ಬರೆದು ತಾನೂ ಕೂತಳು. ಅಗಲ ಹಣೆ ಎಂದು ಬರೆದಳು. ಅದು ಗಂಡನ ನೆನಪೋ ಪರದೆಯ ಮೇಲೆ ಕಂಡದ್ದೋ ಎಂದು ಅನುಮಾನ ಬಂದು ಪೆನ್ನು ನಿಂತಿತು. ಎಷ್ಟೋ ಸಾವಿರ ಫೋಟೊಗಳಿದ್ದವು. ಫೋಟೊ ಇದೆಯಲ್ಲ, ಯಾವಾಗ ಬೇಕಾದರೂ ನೋಡಬಹುದು ಎಂಬ ಧೈರ್ಯದಲ್ಲಿ ಯಾರೂ ಎದುರಿಗಿದ್ದ ಮನುಷ್ಯನನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಒಳಗೆ, ಹಬ್ಬದ ಅಡುಗೆಗೆ ಕೈಜೋಡಿಸಲು ಬಂದಿದ್ದ ಸಹನಾ ಹೋಳಿಗೆಯ ಕಣಕ ನಾದುತ್ತಿದ್ದಳು. ಅರ್ಪಿತಾ ಫೋನನ್ನು ಮೇಜಿನ ಮೇಲಿಟ್ಟು, ಅಡುಗೆಮನೆಗೆ ಹೋಗಿ ಆಕೆಯ ಎದುರಿಗೆ ನೆಲದ ಮೇಲೆ ಕೂತಳು. ಸಹನಾಳ ಎಡಹುಬ್ಬಿನ ಕೆಳಗೆ ಒಂದು ಸಣ್ಣ ಮಚ್ಚೆ ಇತ್ತು. ನಾದುವಾಗ ಕೆಳತುಟಿಯನ್ನು ಒಳಗೆಳೆದುಕೊಳ್ಳುತ್ತಿದ್ದಳು. ಮೂವತ್ತು ವರ್ಷದಲ್ಲಿ ಅರ್ಪಿತಾ ಇವೆರಡನ್ನೂ ಒಮ್ಮೆಯೂ ಕಂಡಿರಲಿಲ್ಲ.

ಹೊರಗೆ ಮತ್ತೆ ಫೋನು ಬಡಿದುಕೊಳ್ಳತೊಡಗಿತು. ಸಹನಾ ಕೈ ನಿಲ್ಲಿಸಿ ತಲೆ ಎತ್ತಿದಳು.

"ಯಾಕಕ್ಕಾ, ಹಂಗ್ಯಾಕ ನೋಡಾಕತ್ತೀರಿ?"

"ಏನಿಲ್ಲ, ನೀ ನಾದು" ಎಂದು ಅರ್ಪಿತಾ ನೋಡುತ್ತಲೇ ಕೂತಳು.