ಕೂಗಿಗೆ ಓಗೊಡದ ಸಿಂಗಳೀಕ

1979ರ ಮಾರ್ಚ್. ಗೇರುಸೊಪ್ಪೆಯ ಮೇಲಿನ ಕಾಡಿನಲ್ಲಿ ಮರ ಕಡಿಯುವ ಕೂಪು ಶುರುವಾಗಿತ್ತು. "ಮೇಲಿನ ಕಣಿವೆಯಲ್ಲಿ ಸಿಂಗಳೀಕ ಇದೆ ಅಂತ ಸೋಮವಾರದೊಳಗೆ ಕಣ್ಣಾರೆ ನೋಡಿ ಬರೆದುಕೊಡಿ, ಆ ಕಣಿವೆ ಬಿಡಿಸ್ತೇನೆ. ಇಲ್ಲದಿದ್ರೆ ಗರಗಸ ನಿಲ್ಲೋದಿಲ್ಲ," ಎಂದುಬಿಟ್ಟರು ರೇಂಜರ್ ಸಾಹೇಬರು.

ಶನಿವಾರ ಬೆಳಿಗ್ಗೆ ಮೂವರು ಹೊರಟರು. ಕಣಿವೆ ಉಳಿಸಿ ಎಂದು ಸಾಹೇಬರನ್ನು ಕೇಳಿದ್ದ, ಕುಮಟಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಕೃಷ್ಣಾನಂದ, ದಾರಿ ತೋರಿಸಲು ಜಟ್ಟ, ಕಾಡಿನಿಂದ ಹಣ್ಣು, ಜೇನು ತರುವ ಅವನ ಅಕ್ಕ ಲಕ್ಕಿ.

ಜಟ್ಟನಷ್ಟು ಆ ಕಣಿವೆ ಬಲ್ಲವರಿಲ್ಲ. ಬಲ್ಲದ್ದು ಹೇಗೆ ಅನ್ನುತ್ತೀರಾ? ಕೋವಿ ಹಿಡಿದು! ಲೇಹ್ಯ ಮಾಡುವವರಿಗೆ ಹತ್ತು ವರ್ಷ ಸಿಂಗಳೀಕದ ಮಾಂಸ ಕೊಟ್ಟವನೇ ಅವನು. ಐದು ವರ್ಷದ ಹಿಂದೆ ದೊಡ್ಡ ಗಂಡೊಂದನ್ನು ಹೊಡೆದ ಮೇಲೆ ಅಲ್ಲಿ ಅವುಗಳ ಸದ್ದೇ ಅಡಗಿತು. ಅದೇ ಕಡೆಯದಾಗಿತ್ತೇನೋ ಎಂಬ ಹೆದರಿಕೆ ಅಂದಿನಿಂದ ಅವನನ್ನು ತಿನ್ನುತ್ತಿತ್ತು.

ಕಣಿವೆಯ ಬಾಯಿಗೆ ಕಡಿದಾದ ಬಂಡೆ. ಬಳ್ಳಿ ಹಿಡಿದು ಹತ್ತಬೇಕು.

ಅರ್ಧ ಹತ್ತಿದ್ದರು. ಕೃಷ್ಣಾನಂದರ ಕೈಲಿದ್ದ ಬಳ್ಳಿ ಪಟ್ಟನೆ ಹರಿಯಿತು.

"ಕಾಲೂರಿ ಮಾಸ್ತರ್ರೇ!" ಜಟ್ಟ ಕೂಗಿದವನೇ ಅವರ ಮುಂಗೈ ಹಿಡಿದ. ಲಕ್ಕಿ ಜಟ್ಟನ ಸೊಂಟ ಹಿಡಿದಳು. ಎಳೆದರು. ಮಾಸ್ತರರ ಮಂಡಿ ಕಿತ್ತುಹೋಯಿತು, ಜೀವ ಉಳಿಯಿತು.

ಬಂಡೆಯ ಮೇಲೆ ಬೇರೆಯದೇ ಲೋಕ. ಹೊರಗೆ ಉರಿಬಿಸಿಲಾದರೂ ಒಳಗೆ ಮರದ ತಲೆಗಳು ಒಂದಕ್ಕೊಂದು ಹೆಣೆದು ನೆಲವೆಲ್ಲ ತಂಪು. ಎಲ್ಲೋ ಮೇಲಿನಿಂದ ಅತ್ತಿಹಣ್ಣು ಪಟಪಟ ಬೀಳುತ್ತಿತ್ತು. ದೂರದ ಗುಡ್ಡದಲ್ಲಿ ಕೊಡಲಿಯ ಸದ್ದು.

ಜಟ್ಟ ಕೈ ಬಾಯಿಗಿಟ್ಟು ಗಂಡು ಸಿಂಗಳೀಕದ ಹಾಗೆ ಕೂಗಿದ. "ಹೂ... ಹೂ..."

ಹಣ್ಣು ಬೀಳುವುದು ಒಮ್ಮೆಲೇ ನಿಂತಿತು. ಓಗೊಡುವವರಿಲ್ಲ.

ಜಟ್ಟನ ಮುಖ ಸಣ್ಣದಾಯಿತು. "ನನ್ನ ಕೂಗಿನ ಗುರ್ತ ಅವ್ಕೆ ಅದೆ, ಮಾಸ್ತರ್ರೇ. ಹೀಂಗೇ ಕರ್ದು ಹೊಡೀತಿದ್ದೆ."

"ಹಣ್ಣು ಬೀಳಿಸಿದ್ದು ಮಂಗಟ್ಟೆ ಹಕ್ಕಿಯೂ ಇರಬಹುದು. ಕಾಣದೆ ಬರೆಯಲಾರೆ," ಎಂದರು ಕೃಷ್ಣಾನಂದ.

ಲಕ್ಕಿ ತಮ್ಮನತ್ತ ತಿರುಗಿದಳು. "ನೀ ಇಲ್ಲಿಂದ ಹೋಗು. ನೀ ಇರೂತನ್ಕ ಅವು ಅಲುಗಾಡೂದಿಲ್ಲ."

"ನಾ ನೋಡೂಕೇ ಬಂದದ್ದಲ್ವೇ ಅಕ್ಕಾ!"

"ಮಾಡಿದ್ದುಣ್ಣೋ ಮಹಾರಾಯ. ಹೋಗು."

ಜಟ್ಟ ಬಂಡೆಯಾಚೆ ಹೋಗಿ ಕಾಡಿಗೆ ಬೆನ್ನು ಹಾಕಿ ಕುಳಿತ.

ಎರಡು ತಾಸು ಕಳೆಯಿತು. ಇರುವೆ ಕಚ್ಚಿದರೂ ಇಬ್ಬರೂ ಮಿಸುಕಲಿಲ್ಲ. ಆಮೇಲೆ ಒಂದು ಕೊಂಬೆ ಬಾಗಿತು. ಕಪ್ಪು ಮೈ, ಮುಖದ ಸುತ್ತ ನರೆತ ಗಡ್ಡ! ಹಿಂದೆಯೇ ಮತ್ತೊಂದು, ಇನ್ನೊಂದು. ಕೃಷ್ಣಾನಂದ ಉಸಿರು ಬಿಗಿಹಿಡಿದು ಎಣಿಸಿದರು.

ಇಬ್ಬರೂ ಬಂಡೆಯತ್ತ ಮರಳಿದ್ದು ಕಂಡದ್ದೇ ಜಟ್ಟ ಎದ್ದು ನಿಂತ. "ಎಂತ ಆತು?"

"ಒಂಬತ್ತು! ಒಂದು ಹಾಲು ಕುಡಿಯುವ ಮರಿ."

ಜಟ್ಟ ಟವೆಲಿನಲ್ಲಿ ಮುಖ ಮುಚ್ಚಿ ಗಳಗಳನೆ ಅತ್ತ. "ಹಂಗಾರೆ ಅವ್ರ ಮನೆ ದೀಪ ಆರ್ಲಿಲ್ಲ..."

"ಆರ್ಲಿಲ್ಲ. ಊದಿದ್ದು ಮಾತ್ರ ನೀನೇ," ಎಂದಳು ಲಕ್ಕಿ. ಅವಳ ಕಣ್ಣೂ ಒದ್ದೆಯಾಗಿತ್ತು.

ಇಳಿಯುವುದು ಹತ್ತಿದ್ದಕ್ಕಿಂತ ಕಷ್ಟವಾಯಿತು. ಕುಂಟುವ ಮಾಸ್ತರರನ್ನು ಜಟ್ಟ ಬೆನ್ನ ಮೇಲೆ ಹೊತ್ತೇ ತಂದ. ಸೋಮವಾರ ರೇಂಜರ್ ಸಾಹೇಬರು ಕಾಗದ ಓದಿ, ನಕಾಶೆಯಲ್ಲಿ ಕಣಿವೆಯ ಸುತ್ತ ನೀಲಿ ಪೆನ್ಸಿಲಿನಲ್ಲಿ ಗೆರೆ ಎಳೆದರು. "ಇದಿಷ್ಟು ಉಳೀತು. ಆಚೆಯ ಗುಡ್ಡ ನನ್ನ ಕೈಲಿಲ್ಲ," ಎಂದು ಚಹಾ ತರಿಸಿದರು. ಕೃಷ್ಣಾನಂದ, ಜಟ್ಟ ಇಬ್ಬರಿಗೂ ಗೆದ್ದ ಖುಷಿ.

ಲಕ್ಕಿ ಮಾತ್ರ ಆ ಸಣ್ಣ ಗೆರೆಯನ್ನೇ ನೋಡುತ್ತಿದ್ದಳು.

"ಸಾಹೇಬ್ರೇ, ಅವು ನೆಲಕ್ಕೆ ಇಳ್ಯೂ ಜಾತಿ ಅಲ್ಲ. ಸುತ್ತ ಎಲ್ಲಾ ಕಡ್ದ್ರೆ, ನಾಳೆ ಆ ಮರಿಗೆ ಜೋಡಿ ಎಲ್ಲಿಂದ ಬರ್ತದೆ?"

ಸಾಹೇಬರು ಮತ್ತೆ ನಕಾಶೆಯ ಮೇಲೆ ಬಗ್ಗಿದರು. ಪೆನ್ಸಿಲಿನ ಮೊನೆ ನೀಲಿ ಗೆರೆಯ ಸುತ್ತ ಒಂದು ಸುತ್ತು ಬಂತು; ಎಲ್ಲ ಕಡೆಯೂ ಕೂಪಿನ ಗುರುತೇ ಇತ್ತು.